ಲಾಗೋಸ್‌ನಿಂದ ಬಂದ ಆ ಕಾಗದ

ಪ್ರಶ್ನೆ: ಅಪ್ಪ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಅವರ ಹಳೇ ಫೈಲಿನಲ್ಲಿ 1995ರಲ್ಲಿ ನೈಜೀರಿಯಾದಿಂದ ಬಂದ ಕಾಗದವೊಂದು ಸಿಕ್ಕಿತು. ತೈಲ ನಿಗಮದ ಗುತ್ತಿಗೆಯಲ್ಲಿ ಜಾಸ್ತಿ ಬಿಲ್ ಮಾಡಿ ಉಳಿಸಿದ ಎರಡೂವರೆ ಕೋಟಿ ಡಾಲರ್ ಇದೆಯಂತೆ, ನಿಮ್ಮ ಖಾತೆಗೆ ಹಾಕಿಸ್ತೀವಿ, ಶೇ 30 ನಿಮಗೆ ಅಂತ. ಅಪ್ಪ ಉತ್ತರ ಬರೆದಿರಲಿಲ್ಲ, ಪುಣ್ಯ. ಇಷ್ಟು ರಾಜಾರೋಷವಾಗಿ ನಡೀತಿದ್ದಾಗ ಸರ್ಕಾರಗಳು ಕೈಕಟ್ಟಿ ಕೂತಿದ್ದವಾ?

ಉತ್ತರ: ಕಾಗದ ಎಸೆಯಬೇಡಿ, ಒಳ್ಳೇ ನೆನಪು ಅದು! ಕಾಗದದಲ್ಲಿ ಹೇಳೋ ಕೋಟಿ ಎಲ್ಲೂ ಇರಲ್ಲ, ಅದನ್ನು ಬಿಡಿಸೋಕೆ ಅಂತ ಮುಂಗಡ ಖರ್ಚು ಕೇಳಿ ಕೇಳಿ ದುಡ್ಡು ಕೀಳೋದೇ ಇವರ ಆಟ. ಸರ್ಕಾರಗಳು ಸುಮ್ನೆ ಕೂತಿರಲಿಲ್ಲ, ಆದರೆ ಕೋರ್ಟಿನಲ್ಲಿ ಕೇಸು ಸಾಬೀತು ಮಾಡೋದು ಕಷ್ಟವಿತ್ತು. ನೈಜೀರಿಯಾದ ಅಪರಾಧ ಸಂಹಿತೆಯ 419ನೇ ಕಲಂ ಸುಳ್ಳು ಹೇಳಿ ಲಪಟಾಯಿಸೋದಕ್ಕೆ ಸಂಬಂಧಿಸಿದ್ದು, ಈ ದಂಧೆಗೆ 'ಫೋರ್ ಒನ್ ನೈನ್' ಅಂತ ಹೆಸರು ಬಂದಿದ್ದೇ ಅದರಿಂದ. ಕಲಂ ಏನೋ ಇತ್ತು, ಆದರೆ ಮೋಸ ಹೋದವನು ಲಾಗೋಸ್‌ಗೆ ಹೋಗಿ ಸಾಕ್ಷಿ ಹೇಳಬೇಕಲ್ಲ? ಅಲ್ಲಿ ಏನಂತ ಹೇಳ್ತಾನೆ, 'ನಿಮ್ಮ ದೇಶದ ಕಳ್ಳದುಡ್ಡಿನಲ್ಲಿ ಪಾಲು ತಗೊಳ್ಳೋಕೆ ನಾನೂ ಒಪ್ಪಿದ್ದೆ' ಅಂತಾನಾ? ಬಹಳ ಜನ ನಾಚಿಕೆಗೆ ಬಾಯಿಯೇ ಬಿಡುತ್ತಿರಲಿಲ್ಲ. ಇನ್ನು ಕೆಲವರನ್ನು ಅಲ್ಲಿಗೇ ಕರೆಸಿಕೊಳ್ಳುತ್ತಿದ್ದರು. ವೀಸಾ ಬೇಕಿಲ್ಲ, ವಿಮಾನ ನಿಲ್ದಾಣದಲ್ಲಿ ನಮ್ಮವರಿದ್ದಾರೆ ಅನ್ನೋರು. ವೀಸಾ ಇಲ್ಲದೆ ಒಳಗೆ ಬರೋದೇ ಅಲ್ಲಿ ಅಪರಾಧ, ಆಮೇಲೆ ಅದನ್ನೇ ತೋರಿಸಿ ಹೆದರಿಸಿ ಇನ್ನಷ್ಟು ಕೀಳೋರು.

1996ರ ಜುಲೈ 2ರಂದು ಲಾಗೋಸ್‌ನಲ್ಲಿ ನೈಜೀರಿಯಾ ಪೊಲೀಸರು 16 ಕಡೆ ದಾಳಿ ಮಾಡಿ 43 ಜನರನ್ನು ಹಿಡಿದರು. ಹಣಕಾಸಿನ ಮೋಸಗಳನ್ನೂ ತನಿಖೆ ಮಾಡೋ ಅಮೆರಿಕದ ಸೀಕ್ರೆಟ್ ಸರ್ವಿಸ್‌ನವರು ಸಲಹೆಗಾರರಾಗಿ ಜೊತೆಗಿದ್ದರು. ಸಿಕ್ಕಿದ್ದೇನು ಗೊತ್ತಾ? ಫೋನು, ಫ್ಯಾಕ್ಸ್ ಮೆಷಿನ್ನು, ಸೆಂಟ್ರಲ್ ಬ್ಯಾಂಕಿನ ಲೆಟರ್‌ಹೆಡ್ಡು, ವಿಳಾಸ ಬರೆದಿಟ್ಟ ಲಕೋಟೆಗಳು, ಜೊತೆಗೆ ಬೇರೆ ಬೇರೆ ದೇಶಗಳ ವ್ಯಾಪಾರಿಗಳ ಡೈರೆಕ್ಟರಿಗಳು. ನಿಮ್ಮ ತಂದೆಯವರ ವಿಳಾಸವೂ ಅಂಥದ್ದೇ ಯಾವುದೋ ಡೈರೆಕ್ಟರಿಯಿಂದ ಹೋಗಿರಬೇಕು.

ನನ್ನ ಪ್ರಕಾರ ನಿಜವಾದ ಬದಲಾವಣೆ ಬಂದದ್ದು ದಾಳಿಯಿಂದಲ್ಲ, ಕಾನೂನಿನಿಂದ. 1995ರಲ್ಲಿ ಈ ದಂಧೆಗೆಂದೇ ಒಂದು ವಿಶೇಷ ಆಜ್ಞೆ ಬಂತು, 2006ರಲ್ಲಿ ಹೊಸ ಕಾಯ್ದೆಯೇ ಬಂತು. ಈ ಕಾಯ್ದೆ ಪ್ರಕಾರ ಅಂಥ ಸುಳ್ಳಿನ ಕಾಗದ ಕೈಯಲ್ಲಿ ಇಟ್ಟುಕೊಂಡಿರೋದೇ ಅಪರಾಧದ ಯತ್ನ. ಅಂದರೆ ಯಾರೋ ದುಡ್ಡು ಕಳೆದುಕೊಂಡು ಅಳುವ ತನಕ ಕಾಯಬೇಕಿಲ್ಲ. ದಂಧೆ ನಡೆಸಿದ್ದು ಸಾಬೀತಾದರೆ ಕನಿಷ್ಠ 7 ವರ್ಷ, ಗರಿಷ್ಠ 20 ವರ್ಷ ಜೈಲು. ದಂಡ ಕಟ್ಟಿ ಬಿಡಿಸಿಕೊಳ್ಳೋ ದಾರಿ ಇಲ್ಲ. ಇಂಟರ್‌ನೆಟ್ ಕೆಫೆ ನಡೆಸೋರೂ ಹೆಸರು ನೋಂದಾಯಿಸಬೇಕು.

ಎಲ್ಲಿ ನೋಂದಾಯಿಸಬೇಕು ಅಂದರೆ ಇಎಫ್‌ಸಿಸಿಯಲ್ಲಿ. ಆರ್ಥಿಕ ಅಪರಾಧಗಳಿಗೆ ಅಂತಲೇ 2003ರಲ್ಲಿ ಶುರುವಾದ ಆಯೋಗ ಅದು, ಮೊದಲ ಅಧ್ಯಕ್ಷ ನುಹು ರಿಬಾಡು. ಅವರ ಕಾಲದ ದೊಡ್ಡ ಬೇಟೆ ಇಮ್ಯಾನುಯೆಲ್ ನ್ವುಡೆ. ಈ ಮನುಷ್ಯ ತಾನೇ ಸೆಂಟ್ರಲ್ ಬ್ಯಾಂಕ್ ಗವರ್ನರ್ ಅಂತ ಹೇಳಿಕೊಂಡು, ಅಬುಜಾದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟಿಸ್ತೀವಿ ಅಂತ ಬ್ರೆಜಿಲ್‌ನ ಬ್ಯಾಂಕೊಂದರ ನಿರ್ದೇಶಕನನ್ನು ನಂಬಿಸಿ, 24.2 ಕೋಟಿ ಡಾಲರ್ ಎಳೆದಿದ್ದ. ಆ ನಿರ್ದೇಶಕ ಕಳಿಸಿದ್ದು ಸ್ವಂತದ್ದಲ್ಲ, ಬ್ಯಾಂಕಿನ ದುಡ್ಡು. ಆ ಬ್ಯಾಂಕನ್ನು ಸ್ಪೇನಿನ ಸ್ಯಾಂಟ್ಯಾಂಡರ್ ಬ್ಯಾಂಕ್ ಕೊಳ್ಳೋಕೆ ಹೊರಟು ಲೆಕ್ಕ ತೆಗೆಸಿದಾಗ ಗುಟ್ಟು ರಟ್ಟಾಯಿತು. 2005ರಲ್ಲಿ ನ್ವುಡೆಗೆ 25 ವರ್ಷ ಶಿಕ್ಷೆಯಾಯಿತು.

ಪ್ರಶ್ನೆ: ಅಷ್ಟೊಂದು ಕಾಗದ ಅಂಚೆಯಲ್ಲೇ ಬರುತ್ತಿದ್ದಾಗ ಅಲ್ಲೇ ತಡೆಯಬಹುದಿತ್ತು, ಅಲ್ವಾ?

ಉತ್ತರ: ತಡೆದರು ಕೂಡ! ಬೇರೆಯವರ ಕಾಗದ ಒಡೆದು ಓದೋ ಹಾಗಿಲ್ಲವಲ್ಲ. ಆದರೆ ಆ ಲಕೋಟೆಗಳ ಮೇಲಿನ ಸ್ಟಾಂಪೇ ಎಷ್ಟೋ ಸಲ ನಕಲಿ. ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಅಂಚೆ ಇನ್‌ಸ್ಪೆಕ್ಟರುಗಳು ಅದನ್ನೇ ಹಿಡಿದುಕೊಂಡು, ಒಳಗೇನಿದೆ ಅಂತ ನೋಡೋ ಗೋಜಿಗೇ ಹೋಗದೆ, ರಾಶಿ ರಾಶಿ ಕಾಗದ ನಾಶ ಮಾಡಿದರು. ಕೋಟಿ ಕೊಡ್ತೀನಿ ಅನ್ನೋನು ಸ್ಟಾಂಪಿನ ಕಾಸಲ್ಲಿ ಜುಗ್ಗತನ ಮಾಡಿ ಸಿಕ್ಕಿಬಿದ್ದ ನೋಡಿ. ಆಮೇಲೆ ಇಮೇಲ್ ಬಂತು, ಸ್ಟಾಂಪಿನ ಖರ್ಚೂ ಉಳೀತು, ಈ ದಾರಿಯೂ ಮುಚ್ಚಿತು.

ಪ್ರಶ್ನೆ: ನಮ್ಮ ಚಿಕ್ಕಪ್ಪ ಇಂಥ ಆಟದಲ್ಲೇ ಹಣ ಕಳೆದುಕೊಂಡವರು. ಈಗ 'ನಿಮ್ಮ ಹೆಸರು ಪರಿಹಾರದ ಪಟ್ಟಿಯಲ್ಲಿದೆ, ಫೈಲ್ ಚಾರ್ಜ್ ಕಟ್ಟಿ' ಅಂತ ಇಎಫ್‌ಸಿಸಿ ಹೆಸರಲ್ಲೇ ಇಮೇಲ್ ಬಂದಿದೆ. ಕಟ್ಟಲೋ ಬೇಡವೋ ಅಂತ ಎರಡು ದಿನದಿಂದ ಒದ್ದಾಡ್ತಿದ್ದಾರೆ.

ಉತ್ತರ: ಕಟ್ಟಬಾರದು. ಒಮ್ಮೆ ಟೋಪಿ ಹಾಕಿಸಿಕೊಂಡವರ ಹೆಸರು ಈ ಜನರ ನಡುವೆ ಕೈಯಿಂದ ಕೈಗೆ ಹೋಗುತ್ತೆ. ಆಗ ಗವರ್ನರ್ ವೇಷ ಹಾಕಿದವರೇ ಈಗ ಪೊಲೀಸ್ ವೇಷ ಹಾಕ್ತಾರೆ, ಅಷ್ಟೇ. ನಿಜವಾದ ಪರಿಹಾರ ಹೇಗಿರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಮೋಸಗಾರರಿಗೆ ಹಣ ಹೋಗೋದನ್ನು ಸರಿಯಾಗಿ ತಡೆಯಲಿಲ್ಲ ಅನ್ನೋ ಕೇಸಿನಲ್ಲಿ 2017ರಲ್ಲಿ ಹಣ ರವಾನಿಸೋ ಕಂಪನಿ ವೆಸ್ಟರ್ನ್ ಯೂನಿಯನ್ 58.6 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿತು, ಅಮೆರಿಕದ ನ್ಯಾಯಾಂಗ ಇಲಾಖೆ ಅದನ್ನು ಕಳೆದುಕೊಂಡವರಿಗೆ ಹಂಚಿತು. ಅರ್ಜಿ ಹಾಕೋಕೆ ಯಾರೂ ಒಂದು ಪೈಸೆ ಕಟ್ಟಬೇಕಿರಲಿಲ್ಲ. ಅದರ ಗಡುವು ಮುಗಿದು ಹೋಗಿದೆ, ಹಾಗಾಗಿ ಆ ಹೆಸರು ಹೇಳಿಕೊಂಡು ಯಾರಾದರೂ ಬಂದರೂ ನಂಬೋದು ಬೇಡ. ಚಿಕ್ಕಪ್ಪನ ಜೊತೆ ಕೂತು ಆ ಇಮೇಲ್ ಕಳಿಸಿದ ವಿಳಾಸವನ್ನು ಒಂದೊಂದೇ ಅಕ್ಷರ ಓದಿ, ಬೈಯಬೇಡಿ ಮಾತ್ರ. ಎರಡು ದಿನ ಒದ್ದಾಡಿ ನಿಮ್ಮ ಹತ್ತಿರ ಬಾಯಿ ಬಿಟ್ಟಿದ್ದಾರೆ, ಹಿಂದಿನ ಸಲ ಅದನ್ನೂ ಮಾಡಿರಲಿಲ್ಲವೇನೋ.