ವಿಜ್ಞಾನ ಪಾಠ ಹೇಗೆ ನಡೆಯುತ್ತಿದೆ ಎಂದು ಅಳೆಯುವುದು ಹೇಗೆ?

ಕಾಲೇಜು ತರಗತಿಗಾದರೆ 2013ರಲ್ಲಿ ಪ್ರಕಟವಾದ ಕೋಪಸ್ (COPUS) ಎಂಬ ತರಗತಿ ವೀಕ್ಷಣಾ ಪಟ್ಟಿಯಿಂದ ಶುರುಮಾಡಿ. ಅದರಲ್ಲಿ 25 ಸಂಕೇತಗಳಿವೆ: ವಿದ್ಯಾರ್ಥಿಗಳ ಚಟುವಟಿಕೆಗೆ 13, ಶಿಕ್ಷಕರದ್ದಕ್ಕೆ 12. ಹಿಂದಿನ ಬೆಂಚಿನಲ್ಲಿ ಕೂತು, 2 ನಿಮಿಷಕ್ಕೊಂದು ಸಾಲಿನಂತೆ, ಆ ಅವಧಿಯಲ್ಲಿ ಕಂಡದ್ದಕ್ಕೆಲ್ಲ ಗುರುತು ಹಾಕುತ್ತಾ ಹೋಗಬೇಕು. ಒಂದೂವರೆ ಗಂಟೆಯ ತರಬೇತಿ ಸಾಕು, ಏಕೆಂದರೆ ಇಲ್ಲಿ ಪಾಠ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವಂತಿಲ್ಲ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಐದು ಸೆಕೆಂಡಿನ ಪ್ರಶ್ನೆಗೂ ಇಡೀ 2 ನಿಮಿಷದ ಚೌಕದಲ್ಲಿ ಗುರುತು ಬೀಳುತ್ತದೆ. ಹಾಗಾಗಿ 25 ಸಾಲುಗಳಲ್ಲಿ 10 ಗುರುತು ಎಂದರೆ 20 ನಿಮಿಷ ಪ್ರಶ್ನೋತ್ತರ ನಡೆಯಿತು ಎಂದಲ್ಲ. ಇಬ್ಬರು ಪ್ರತ್ಯೇಕವಾಗಿ ಗುರುತಿಸಿ ಹೋಲಿಸಲೇಬೇಕು. ಒಂದೇ ತರಗತಿ ನೋಡಿ ಶಿಕ್ಷಕರ ಶೈಲಿ ನಿರ್ಧರಿಸುವುದು ಅನ್ಯಾಯ. ಕನಿಷ್ಠ ನಾಲ್ಕು ನೋಡಿ. ಪ್ರಶ್ನೆಯ ಆಳ ಇದರಲ್ಲಿ ಸಿಗದು. ಅದಕ್ಕೆ 25 ಅಂಶಗಳಿಗೆ 0ರಿಂದ 4ರವರೆಗೆ ಅಂಕ ಕೊಡುವ ಆರ್‌ಟಾಪ್ (RTOP) ಎಂಬ ಇನ್ನೊಂದು ವೀಕ್ಷಣಾ ಪಟ್ಟಿ ಇದೆ, ಆದರೆ ಅದಕ್ಕೆ ಹೆಚ್ಚು ತರಬೇತಿ ಬೇಕು.