ಮನೆಗಿಂತ ಮೊದಲು ದಾರಿ ನೋಡಿ

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ನನಗೆ ಸಮಾಧಾನವೇ ಇರಲಿಲ್ಲ ತಾಯಿ. ನಿವೃತ್ತರಾದ ಯಜಮಾನರು ವಿಜಯನಗರದ ಮನೆ ಮಾರಿ, ಕನಕಪುರ ದಾಟಿ ಕೋಡಿಹಳ್ಳಿ ಕಡೆ ಎರಡು ಎಕರೆ ಜಮೀನು, ಅದರಲ್ಲಿರುವ ಹೆಂಚಿನ ಮನೆ ಕೊಳ್ಳಲು ಹೊರಟಿದ್ದಾರೆ. ಸುತ್ತ ಒಂದು ಮನೆಯೂ ಇಲ್ಲ. ಅವರಿಗೆ ಅದೇ ಇಷ್ಟ, ನಿಮಗೆ ಅದೇ ಭಯ. ಅತ್ತೆಗೆ 82 ವರ್ಷ. ‘ಬೇಡ ಅಂದರೆ ಅವರ ಆಸೆ ಮುರಿದ ಪಾಪ ನನಗೆ ಬರುತ್ತಾ?’ ಅಂತ ಕೇಳಿದ್ದೀರಿ.

ಆನೆ, ಕತ್ತಲು, ಒಂಟಿತನ ಅಂತ ಎರಡು ಪುಟ ಬರೆದಿದ್ದೀರಿ. ಆ ಕಡೆ ಆನೆ ಬರುವುದು ನಿಜ. ಆದರೆ ನನ್ನ ಎದೆ ಧಸಕ್ಕೆಂದಿದ್ದು ಕೊನೆಯ ಸಾಲಿಗೆ: ‘ದಾರಿ ಪಕ್ಕದವರ ಹೊಲದಲ್ಲಿ ಹೋಗುತ್ತೆ. ಅವರು ಬಿಡ್ತಾರಂತೆ, ಮೈದುನ ಮಾತಾಡಿದ್ದಾನೆ.’

ನಮ್ಮಪ್ಪನ ತೋಟಕ್ಕೂ ಇಂಥದ್ದೇ ಬಾಯಿಮಾತಿನ ದಾರಿ ಇತ್ತು. ಪಕ್ಕದ ಹೊಲದ ಹಿರಿಯರು ಇರುವ ತನಕ ಗಾಡಿ ಓಡಾಡಿತು. ಅವರು ತೀರಿಕೊಂಡ ಮೇಲೆ ಮಕ್ಕಳು ಭಾಗ ಮಾಡಿಕೊಂಡು ತಂತಿಬೇಲಿ ಹಾಕಿದರು. ಅವರ ಭೂಮಿ, ತಪ್ಪು ಅನ್ನೋಕಾಗಲ್ಲ. ಅಪ್ಪ ಮಾತ್ರ ಆಮೇಲೆ ತೆಂಗಿನಕಾಯಿ ಮೂಟೆಯನ್ನು ಬದುವಿನ ಮೇಲೆ ತಲೆಹೊರೆಯಲ್ಲಿ ತಂದರು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದು. ಕೊಳ್ಳುವುದು ಸುಲಭವಾಯಿತು. ದಾರಿ ಮಾತ್ರ ಹಳೇ ನಕಾಶೆಯಲ್ಲೇ ಇದೆ. ಪಹಣಿಯಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ, ಮಾಲೀಕರ ಹೆಸರು ಸಿಗುತ್ತದೆ. ಓಡಾಡಲು ದಾರಿ ಎಲ್ಲಿದೆ ಅಂತ ನೋಡಲು ಗ್ರಾಮ ನಕಾಶೆಯೇ ಬೇಕು. ಬಂಡಿದಾರಿ, ಕಾಲುದಾರಿಯನ್ನು ಅದರಲ್ಲಿ ಚುಕ್ಕೆ ಗೆರೆಗಳಲ್ಲಿ ತೋರಿಸಿರುತ್ತಾರೆ. ಅಲ್ಲಿ ಇಲ್ಲವೇ? ಹಾಗಾದರೆ ಪಕ್ಕದ ಹೊಲದ ಹಕ್ಕುದಾರರೆಲ್ಲ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು, ದಾರಿಯ ಹಕ್ಕನ್ನು ನೋಂದಣಿ ಮಾಡಿಕೊಡಬೇಕು. ಒಬ್ಬರು ತಲೆ ಆಡಿಸಿದರೆ ಸಾಲದು.

ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಈ ಟ್ರಾಫಿಕ್‌ನಲ್ಲಿ ದುಡಿದವರಿಗೆ ಮಣ್ಣು, ಮರ ಬೇಕು ಅನ್ನಿಸುವುದು ಸಹಜ ಅಲ್ವಾ? ಸಿಟ್ಟು ಬಂದಿದ್ದು ಮೈದುನನ ಮೇಲೆ. ‘ಬೇಗ ಅಡ್ವಾನ್ಸ್ ಕೊಡಿ, ಬೇರೆ ಪಾರ್ಟಿ ಕಾಯ್ತಿದೆ’ ಅಂತ ದಿನಾ ಫೋನ್ ಮಾಡುವವನು, ರಾತ್ರಿ ಅತ್ತೆಗೆ ಎದೆನೋವು ಬಂದಾಗ ಬೇಲಿ ತೆಗೆಸಲು ಬರುತ್ತಾನಾ? ದಾರಿ ಗಟ್ಟಿಯಿಲ್ಲದ ಕಡೆ ವಯಸ್ಸಾದವರನ್ನು ಕರೆದುಕೊಂಡು ಹೋಗಿ ಕೂರಿಸಬಾರದು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ವಿಜಯನಗರದ ಮನೆ ನಿಮ್ಮಿಬ್ಬರ ಹೆಸರಲ್ಲಿದೆ ಅಂತ ಬರೆದಿದ್ದೀರಿ. ಅಂದಮೇಲೆ ನಿಮ್ಮ ಸಹಿ ಇಲ್ಲದೆ ಅದು ಪೂರ್ತಿ ಮಾರಾಟ ಆಗಲ್ಲ. ಜಗಳ ಬೇಡ, ಅಳುವುದೂ ಬೇಡ. ನೀವು ಬೇಡ ಅನ್ನುತ್ತಿಲ್ಲ, ಆದ್ದರಿಂದ ಪಾಪದ ಮಾತೂ ಇಲ್ಲ. ಇವತ್ತು ರಾತ್ರಿ ಊಟ ಆದಮೇಲೆ ಯಜಮಾನರಿಗೆ ಇಷ್ಟೇ ಹೇಳಿ: ‘ದಾರಿಯ ಪತ್ರ ತನ್ನಿ, ಆಮೇಲೆ ಸಹಿಯ ಮಾತಾಡೋಣ.’