ಬ್ರೆಡ್‌ಬೋರ್ಡ್ ಮೇಲಿನ ಡಿಸ್ಟಾರ್ಶನ್ ಪೆಡಲ್ ಬರೀ ಗುಂಯ್ ಅನ್ನುತ್ತಿದೆಯಾ?

ಇಂಟರ್‌ನೆಟ್‌ನಲ್ಲಿ ಸಿಕ್ಕ ಚಿತ್ರ ನೋಡಿ, ಬ್ರೆಡ್‌ಬೋರ್ಡ್ (ಬಿಡಿಭಾಗಗಳನ್ನು ಬೆಸೆಯದೆ ತೂತಿಗೆ ಚುಚ್ಚಿ ಜೋಡಿಸುವ ಹಲಗೆ) ಮೇಲೆ ನಲವತ್ತು ಬಿಡಿಭಾಗಗಳ ಡಿಸ್ಟಾರ್ಶನ್ ಪೆಡಲ್, ಅಂದರೆ ಗಿಟಾರ್ ಸದ್ದನ್ನು ಬೇಕಂತಲೇ ಹರಿದಂತೆ ಮಾಡುವ ಪೆಟ್ಟಿಗೆ, ಜೋಡಿಸಿದ್ದೀರಿ. ಗುಂಯ್ ಅನ್ನೋದು ಬಿಟ್ಟರೆ ಗಿಟಾರ್ ಸದ್ದೇ ಇಲ್ಲ. ಬ್ರೆಡ್‌ಬೋರ್ಡ್ ಸಹವಾಸ ಬಿಟ್ಟು ನೇರವಾಗಿ ಸೋಲ್ಡರ್ (ಬೆಸುಗೆ) ಮಾಡಿಬಿಡಲಾ ಅಂತ ಕೇಳಿದ್ದೀರಿ. ಬೇಡ. ಸೋಲ್ಡರ್ ಮಾಡಿದರೆ ತಪ್ಪು ಹಾಗೇ ಇರುತ್ತದೆ, ಕೀಳೋದು ಮಾತ್ರ ಕಷ್ಟವಾಗುತ್ತದೆ.

ಆ ನಲವತ್ತು ಭಾಗಗಳದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ. 1970ರ ದಶಕದಲ್ಲಿ ಎಲೆಕ್ಟ್ರಾ ಅನ್ನೋ ಹೆಸರಿನ ಗಿಟಾರುಗಳ ಒಳಗೇ ಕೂರುತ್ತಿದ್ದ ಒಂದು ಪುಟ್ಟ ಡಿಸ್ಟಾರ್ಶನ್ ಸರ್ಕ್ಯೂಟ್ ಇದೆ. ಒಂದು ಟ್ರಾನ್ಸಿಸ್ಟರ್, ಎರಡು ಡಯೋಡ್, ಮೂರು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ವಾಲ್ಯೂಮ್ ಪಾಟ್ (ಸದ್ದು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಬ್ಬಿ). ಅಷ್ಟೇ. ನಾನು ಶುರು ಮಾಡಿದ್ದೂ ಇದರಿಂದಲೇ.

ಜೋಡಣೆ ಹೀಗೆ. ಗಿಟಾರಿನಿಂದ ಬರುವ ಸಿಗ್ನಲ್ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ (ಬೇಸ್, ಕಲೆಕ್ಟರ್, ಎಮಿಟರ್) ಬೇಸ್‌ಗೆ ಹೋಗಬೇಕು. ಬೇಸ್‌ಗೂ ಕಲೆಕ್ಟರ್‌ಗೂ ನಡುವೆ 2.2 ಮೆಗಾ ಓಮ್ ರೆಸಿಸ್ಟರ್. ಕಲೆಕ್ಟರ್‌ನಿಂದ 9 ವೋಲ್ಟ್ ಪ್ಲಸ್‌ಗೆ 68 ಕೆ (68,000 ಓಮ್). ಎಮಿಟರ್‌ನಿಂದ ಗ್ರೌಂಡ್‌ಗೆ 680 ಓಮ್ (ಗ್ರೌಂಡ್ ಅಂದರೆ ಬ್ಯಾಟರಿಯ ಮೈನಸ್). ಕಲೆಕ್ಟರ್‌ನಿಂದ ಇನ್ನೊಂದು 0.1 ಕೆಪಾಸಿಟರ್ ಹೊರಡುತ್ತದೆ. ಅದರ ಆಚೆ ತುದಿಯಿಂದ ಗ್ರೌಂಡ್‌ಗೆ ಎರಡು 1ಎನ್4148 ಡಯೋಡ್, ಒಂದರ ಪಟ್ಟಿ ಇರುವ ತುದಿ ಮೇಲೆ, ಇನ್ನೊಂದರದ್ದು ಕೆಳಗೆ. ಅದೇ ತುದಿಗೆ 100 ಕೆ ಪಾಟಿನ ಒಂದು ಪಕ್ಕದ ಕಾಲು, ಇನ್ನೊಂದು ಪಕ್ಕದ ಕಾಲು ಗ್ರೌಂಡ್‌ಗೆ, ಮಧ್ಯದ ಕಾಲು ಆಂಪ್‌ಗೆ (ಗಿಟಾರಿನ ಆಂಪ್ಲಿಫೈಯರ್). ಅಡಾಪ್ಟರ್ ಬೇಡ, 9 ವೋಲ್ಟ್ ಬ್ಯಾಟರಿಯೇ ಸಾಕು. ಅಗ್ಗದ ಅಡಾಪ್ಟರಿನ ಗುಂಯ್ ಸೇರಿಕೊಂಡರೆ ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನಲ್ಲಿ ಇಷ್ಟೂ ಸಿಗುತ್ತವೆ. ಗಿಟಾರ್ ಜ್ಯಾಕ್ (ಗಿಟಾರಿನ ವೈರ್ ಚುಚ್ಚುವ ಸಾಕೆಟ್) ಅಂದರೆ ಕೆಲವರು ಮುಖ ಮುಖ ನೋಡುತ್ತಾರೆ, 'ಪಿ-38 ಮೋನೋ' ಅನ್ನಿ. 0.1 ಕೆಪಾಸಿಟರ್ ಮೇಲೆ 104 ಅಂತ ಬರೆದಿರುತ್ತದೆ.

ಇದು ಮಾಡೋದೇನು? ಟ್ರಾನ್ಸಿಸ್ಟರ್ ಗಿಟಾರಿನ ಸಣ್ಣ ಸಿಗ್ನಲನ್ನು ಹಿಗ್ಗಿಸುತ್ತದೆ. ಕಾಗದದ ಲೆಕ್ಕಕ್ಕೆ 68,000 ಭಾಗಿಸು 680, ಅಂದರೆ ನೂರು ಪಟ್ಟು. ನಿಜದಲ್ಲಿ ಅಷ್ಟು ಬರುವುದಿಲ್ಲ, ಆದರೂ ಬೇಕಾದಷ್ಟಾಯಿತು. ಅಲೆ 0.6 ವೋಲ್ಟಿನ ಆಸುಪಾಸು ದಾಟಿದ ಕೂಡಲೇ ಡಯೋಡ್ ಅದರ ತಲೆ ಸವರಿಬಿಡುತ್ತದೆ. ತಲೆ ಹೋದ ಅಲೆಯಲ್ಲಿ ಹೊಸ ಹೊಸ ಮೇಲ್ಸ್ವರಗಳು ಹುಟ್ಟುತ್ತವೆ. ನಮ್ಮ ಮನೆಯಲ್ಲಿ ಇದನ್ನು 'ಡಬ್ಬದಲ್ಲಿ ಜೇನ್ನೊಣ' ಅಂತ ಬೈಯುತ್ತಿದ್ದರು. ತಂಬೂರಿಯ ಕುದುರೆ ಮೇಲೆ ತಂತಿ ಕೆಳಗೆ ಒಂದೆಳೆ ದಾರ ಸಿಕ್ಕಿಸಿ ಝೇಂಕಾರ ಬರಿಸುತ್ತಾರಲ್ಲ, ಅದು ಮಾತ್ರ ಅವರಿಗೆ ಇಷ್ಟ! ದಾರಿ ಬೇರೆ, ಆದರೆ ಎರಡರಲ್ಲೂ ಬೇಕಾಗಿರೋದು ಆ ಮೇಲ್ಸ್ವರಗಳೇ.

ಈಗ ನನ್ನ ಕಥೆ. ಚಿತ್ರದಲ್ಲಿದ್ದದ್ದು 2ಎನ್3904 ಅನ್ನೋ ಟ್ರಾನ್ಸಿಸ್ಟರ್. ಅಂಗಡಿಯವರು ಬಿಸಿ547 ಕೊಟ್ಟು, 'ಎರಡೂ ಒಂದೇ, ತಗೊಂಡು ಹೋಗಿ' ಅಂದರು. ಕೆಲಸಕ್ಕೆ ಹೌದು, ಕಾಲಿಗೆ ಅಲ್ಲ. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಹಿಡಿದರೆ 2ಎನ್3904ಕ್ಕೆ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಪೂರಾ ಉಲ್ಟಾ. ಉಲ್ಟಾ ಹಾಕಿದರೆ ಹೊಗೆ ಬರುವುದಿಲ್ಲ, ವಾಸನೆ ಬರುವುದಿಲ್ಲ, ಸದ್ದು ಮಾತ್ರ ಪಕ್ಕದ ಮನೆಯ ರೇಡಿಯೋ ಥರ ಸಣ್ಣಗೆ ಕೇಳುತ್ತದೆ. ಎರಡು ರಾತ್ರಿ ಹಾಳು ಮಾಡಿಕೊಂಡೆ. ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ಇಟ್ಟಿದ್ದರೆ ಎರಡು ನಿಮಿಷದ ಕೆಲಸ. ಈ ಸರ್ಕ್ಯೂಟ್‌ನಲ್ಲಿ ಕಲೆಕ್ಟರ್‌ಗೂ ಗ್ರೌಂಡ್‌ಗೂ ನಡುವೆ 1ರಿಂದ 2 ವೋಲ್ಟ್ ಬರಬೇಕು. ಅದಕ್ಕಿಂತ ತುಂಬಾ ಜಾಸ್ತಿ ತೋರಿಸಿದರೆ ಮೊದಲು ಟ್ರಾನ್ಸಿಸ್ಟರ್ ತಿರುಗಿಸಿ ನೋಡಿ. ಕಾಲು ಸರಿ ಇದ್ದರೆ ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿ ನೋಡಿ: 68 ಕೆ ಅಂದರೆ ನೀಲಿ, ಬೂದು, ಕಿತ್ತಳೆ, 680 ಅಂದರೆ ನೀಲಿ, ಬೂದು, ಕಂದು. ರಾತ್ರಿ ಬಲ್ಬಿನ ಬೆಳಕಲ್ಲಿ ಕಿತ್ತಳೆಯೂ ಕಂದೂ ಒಂದೇ. ಅಳೆದೇ ಚುಚ್ಚಿ.

ನಿಮ್ಮ ಗುಂಯ್‌ಗೆ ಇನ್ನೊಂದು ಗುಮಾನಿ ಇದೆ. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಕೆಂಪು-ನೀಲಿ ಸಾಲುಗಳು ಕೆಲವೊಮ್ಮೆ ನಡುವೆ ತುಂಡಾಗಿರುತ್ತವೆ. ಬಣ್ಣದ ಗೆರೆ ಅಲ್ಲಿ ಕಡಿದಿದೆಯಾ ನೋಡಿ. ಕಡಿದಿದ್ದರೆ ಅರ್ಧ ಸರ್ಕ್ಯೂಟ್‌ಗೆ ಗ್ರೌಂಡೇ ಇಲ್ಲ, ಗುಂಯ್ ಅನ್ನದೆ ಇನ್ನೇನು ಮಾಡೀತು? ಒಂದು ತುಂಡು ವೈರಿನಿಂದ ಎರಡನ್ನೂ ಸೇರಿಸಿ. ಎರಡೂ ಜ್ಯಾಕಿನ ಗ್ರೌಂಡ್ ಬ್ಯಾಟರಿಯ ಮೈನಸ್‌ಗೆ ಸೇರಿದೆಯಾ ಅಂತಲೂ ನೋಡಿ.

ಇಷ್ಟಾದರೂ ಸದ್ದಿಲ್ಲದಿದ್ದರೆ ಎಲ್ಲ ಕಿತ್ತು ಮತ್ತೆ ಜೋಡಿಸಬೇಡಿ. ಅದೇ ತಪ್ಪನ್ನು ಎರಡನೇ ಸಲ ಇನ್ನೂ ಅಚ್ಚುಕಟ್ಟಾಗಿ ಮಾಡುತ್ತೀರಿ. ಸದ್ದಿನ ಹಿಂದೆ ಹೋಗಿ. ಆಂಪ್‌ಗೆ ಹೋಗುವ ವೈರನ್ನು ಪಾಟಿನಿಂದ ಬಿಡಿಸಿ, ತುದಿಗೆ ಒಂದು 0.1 ಕೆಪಾಸಿಟರ್ ಕಟ್ಟಿ. ಗ್ರೌಂಡ್ ಇದ್ದಲ್ಲೇ ಇರಲಿ. ಆಂಪ್ ವಾಲ್ಯೂಮ್ ತೀರಾ ಕಡಿಮೆ ಇಡಿ, ಚುಚ್ಚಿದಾಗೆಲ್ಲ ಟಪ್ ಅನ್ನುತ್ತದೆ. ಮೀಟಲು ಯಾರೂ ಇಲ್ಲದಿದ್ದರೆ ಇನ್‌ಪುಟ್‌ಗೆ ಫೋನಿನಿಂದ ಸಣ್ಣಗೆ ಒಂದು ಹಾಡು ಬಿಡಿ. ಆಮೇಲೆ ಕೆಪಾಸಿಟರಿನ ಇನ್ನೊಂದು ಕಾಲನ್ನು ಮೊದಲು ಇನ್‌ಪುಟ್ ಜ್ಯಾಕಿಗೆ ಮುಟ್ಟಿಸಿ. ಕೇಳಿಸಿತಾ? ಬೇಸ್‌ಗೆ. ಆಮೇಲೆ ಕಲೆಕ್ಟರ್‌ಗೆ, ಇಲ್ಲಿ ಒಮ್ಮೆಲೇ ಜೋರಾಗಬೇಕು. ಆಮೇಲೆ ಡಯೋಡ್ ಹತ್ತಿರ, ಇಲ್ಲಿ ಹರಿದ ಸದ್ದು. ಎಲ್ಲಿ ಹಾಡು ನಿಂತಿತೋ ತಪ್ಪು ಅಲ್ಲೇ ಹಿಂದೆ ಮುಂದೆ ಇರುತ್ತದೆ. ಸಾಮಾನ್ಯವಾಗಿ ಪಕ್ಕದ ತೂತಿಗೆ ಹೋದ ಒಂದು ಕಾಲು.

ಸದ್ದು ಬಂದ ಮೇಲೆ ಬ್ರೆಡ್‌ಬೋರ್ಡ್ ಯಾಕೆ ಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಡಯೋಡ್ ಕಿತ್ತು ಎರಡು ಕೆಂಪು ಎಲ್ಇಡಿ ಹಾಕಿ: ಅವು 1.7 ವೋಲ್ಟಿನ ಆಸುಪಾಸಿನವರೆಗೂ ಬಿಡುತ್ತವೆ, ಹಾಗಾಗಿ ಸದ್ದು ಜೋರು, ಕೊರೆತ ಕಮ್ಮಿ. ಜರ್ಮೇನಿಯಂ ಡಯೋಡ್ ಸಿಕ್ಕರೆ 0.3ಕ್ಕೇ ಸವರುತ್ತದೆ, ಸದ್ದು ಸಣ್ಣಗಾಗಿ ಮೆತ್ತಗಾಗುತ್ತದೆ. ಒಂದು ಕಡೆ ಒಂದು, ಇನ್ನೊಂದು ಕಡೆ ಸಾಲಾಗಿ ಎರಡು ಹಾಕಿ ಕೇಳಿ. ನನಗೆ ಹೆಚ್ಚು ಇಷ್ಟವಾದದ್ದು ಇದೇ. ಇನ್‌ಪುಟ್ ಕೆಪಾಸಿಟರ್ 0.01 ಮಾಡಿದರೆ ದಪ್ಪ ತಂತಿಯ ಗದ್ದಲ ಇಳಿಯುತ್ತದೆ. ಮಧ್ಯೆ ಕೀಂಯ್ ಅಂತ ಕಿರುಚಿದರೆ ಹೆದರಬೇಡಿ: ಒಳಗೆ ಬರುವ ವೈರನ್ನೂ ಹೊರಗೆ ಹೋಗುವ ವೈರನ್ನೂ ದೂರ ದೂರ ಇಡಿ, ಎರಡನ್ನೂ ಗಿಡ್ಡ ಮಾಡಿ.

ಅಂದ ಹಾಗೆ, ಕೆಟ್ಟ ಸದ್ದು ಬಂತು ಅಂತ ಬೇಜಾರೂ ಬೇಡ. 1961ರಲ್ಲಿ ಹೊರಬಂದ ಒಂದು ಹಾಡಿಗೆ ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ರೆಕಾರ್ಡಿಂಗ್ ಮಾಡುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಗಿಟಾರ್ ವಾದಕ ಗ್ರೇಡಿ ಮಾರ್ಟಿನ್ ಬಾಸ್ ಗಿಟಾರ್ ನುಡಿಸಿದ ಭಾಗ ಹರಿದು ಬಂತು. ಅದನ್ನು ಹಾಗೇ ಉಳಿಸಿಕೊಂಡರು. ಆ ಕೆಟ್ಟ ಸದ್ದನ್ನೇ ಟ್ರಾನ್ಸಿಸ್ಟರಿನಲ್ಲಿ ಬರಿಸಲು ಹೋಗಿ 1962ರಲ್ಲಿ ಮೇಸ್ಟ್ರೋ ಫಝ್ ಪೆಡಲ್ ಮಾರುಕಟ್ಟೆಗೆ ಬಂತು.

ಮೊದಲು ಈ ಚಿಕ್ಕದನ್ನು ಜೋಡಿಸಿ, ಕಲೆಕ್ಟರಿನಲ್ಲಿ ಎಷ್ಟು ವೋಲ್ಟ್ ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. ನಲವತ್ತು ಭಾಗಗಳದ್ದನ್ನು ಆಮೇಲೆ ನೋಡೋಣ.